ತಲೆಯ ಮೇಲಿನ ಕಲ್ನಾರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟಿದ ಮನೆಯ ಛಾವಣಿಯನ್ನು ಬಿಚ್ಚಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಅವರ ಕಾಲದ ಛಾವಣಿ ಹುಲ್ಲಿನದು, ಹೆಂಚಿನದು, ಇಲ್ಲವೆ ಮಣ್ಣಿನ ಮಾಳಿಗೆಯದು. ಬಿಚ್ಚುವಾಗ ಮೈಮೇಲೆ ಬೀಳುತ್ತಿದ್ದುದು ಮಣ್ಣು, ಇಲಿಯ ಹಿಕ್ಕೆ, ಅಪರೂಪಕ್ಕೊಂದು ಚೇಳು. ಸಂಜೆ ನಾಲ್ಕು ಚೊಂಬು ಬಿಸಿನೀರು ಹೊಯ್ದುಕೊಂಡರೆ ಎಲ್ಲವೂ ತೊಳೆದು ಹೋಗುತ್ತಿತ್ತು. ನೀರಿನಿಂದ ತೊಳೆದು ಹೋಗದ ಧೂಳೂ ಒಂದುಂಟೆಂಬುದು ನನಗೆ ತಿಳಿದದ್ದು ಈಚೆಗೆ. ತಿಳಿದ ಬಗೆಯನ್ನು ವಾಚಕರ ಮುಂದಿಡುವುದು ಕರ್ತವ್ಯವೆಂದು ಈ ಲೇಖನ ಬರೆಯುತ್ತಿದ್ದೇನೆ.

2024ರ ಮಳೆಗಾಲದಲ್ಲಿ ನಮ್ಮ ಸಂಘದ ಹಿಂಬದಿಯ ಸಭಾಗೃಹ ಸೋರಿತು. ಈ ಸಭಾಗೃಹವನ್ನು ಅರಿಯದ ವಾಚಕರು ಕಡಿಮೆ. ರಾತ್ರಿ ಶಾಲೆ ನಡೆದದ್ದು ಅಲ್ಲಿ. ಹೋಟೆಲಿನ ಕೆಲಸ ಮುಗಿಸಿ ಬಂದ ಹುಡುಗರು ತೂಕಡಿಸುತ್ತ ಎಸ್.ಎಸ್.ಸಿ.ಗೆ ಓದಿದ್ದು ಅಲ್ಲಿ. ಯಕ್ಷಗಾನದ ಚೆಂಡೆ ಮೊಳಗಿದ್ದು ಅಲ್ಲಿ. ನಮ್ಮಲ್ಲಿ ಎಷ್ಟೋ ಜನರ ಮದುವೆಯ ಊಟ ನಡೆದದ್ದೂ ಅಲ್ಲಿಯೇ. ಅದರ ತಲೆಯ ಮೇಲೆ ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕುಳಿತಿದ್ದುದು ಬೂದು ಬಣ್ಣದ, ಅಲೆ ಅಲೆಯಾದ ಸಿಮೆಂಟಿನ ಹಾಳೆ. ಮುಂಬಯಿಯವರು ಅದಕ್ಕೆ ಸಿಮೆಂಟಿನ ಪತ್ರಾ ಎನ್ನುತ್ತಾರೆ. ನಮ್ಮ ಧಾರವಾಡದ ಕಡೆ ಪತ್ರಾಸು, ಮೈಸೂರಿನ ಕಡೆಯವರಿಗೆ ಶೀಟು. ಇಂಗ್ಲಿಷಿನಲ್ಲಿ ಆಸ್ಬೆಸ್ಟಾಸ್. ಪುಸ್ತಕದ ಕನ್ನಡದಲ್ಲಿ ಅದರೊಳಗಿನ ವಸ್ತುವಿಗೆ ಸೊಗಸಾದ ಹೆಸರೊಂದುಂಟು: ಕಲ್ನಾರು. ಕಲ್ಲಿನಿಂದ ಹುಟ್ಟಿದ ನಾರು.

ಛಾವಣಿ ಬದಲಿಸುವುದೆಂದು ಕಾರ್ಯಕಾರಿ ಸಮಿತಿ ನಿರ್ಧರಿಸಿತು. ಸರಕಾರಿ ಕಚೇರಿಯ ಗುಮಾಸ್ತನಿಗೆ ಟೆಂಡರು ಓದಲು ಬರುತ್ತದೆಂಬ ನಂಬಿಕೆಯಿಂದ ಆ ಕಾಗದಗಳನ್ನು ನನ್ನ ಕೈಗೆ ಕೊಟ್ಟರು. ಬಂದವು ಮೂರು. ಎರಡರಲ್ಲಿ ಹಳೆಯ ಛಾವಣಿಯನ್ನು ತೆಗೆಯುವ ಕೆಲಸಕ್ಕೆ ಒಂದೇ ಸಾಲು: ಹಳೆಯ ಪತ್ರಾ ಒಡೆದು ಸಾಗಿಸುವುದು, ಒಂದು ದಿನ. ಮೂರನೆಯ ಸಂಸ್ಥೆಯವರು ಅದೇ ಕೆಲಸಕ್ಕೆ ಎರಡು ಪುಟ ಬರೆದು, ಹಲವು ಪಟ್ಟು ಹೆಚ್ಚು ಹಣ ಕೇಳಿದ್ದರು. ಎಲ್ಲಕ್ಕಿಂತ ಕಡಿಮೆಯದರ ಎದುರು ಗುರುತು ಹಾಕಿ ಮೇಲಕ್ಕೆ ಕಳಿಸುವುದು ಗುಮಾಸ್ತನ ಧರ್ಮ. ನಾನು ಗುರುತು ಹಾಕಿಯೂ ಆಗಿತ್ತು.

ಮುಂದಿನ ಭಾನುವಾರ ಆ ಕಂತ್ರಾಟುದಾರನ ಕಡೆಯ ಆಳು ಅಳತೆ ನೋಡಲು ಬಂದ. ಇಪ್ಪತ್ತೈದರ ಹುಡುಗ. ಹಿಂದಿಯಲ್ಲಿ ಮಾತಿಗೆ ತೊಡಗಿದೆ. ಗೋಡೆಯ ಮೇಲಿನ ಕನ್ನಡ ಅಕ್ಷರಗಳನ್ನು ನೋಡಿ ಅವನೇ ನಕ್ಕು ಕನ್ನಡಕ್ಕೆ ಇಳಿದ. ಯಾದಗಿರಿಯ ಕಡೆಯವನು. ಊರಿನಲ್ಲಿ ಮಳೆಯಿಲ್ಲ, ಇಲ್ಲಿ ಕೆಲಸವುಂಟು. ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಬಂದಿದ್ದಾನೆ.

"ಹೆಂಗ ತಗೀತೀಯೋ ತಮ್ಮಾ ಇದನ್ನ?" ಎಂದು ಕೇಳಿದೆ.

"ಅದರಾಗೇನದರಿ ಸಾಹೇಬ್ರ! ಮ್ಯಾಲ ಹತ್ತಿ ಸುತ್ತಿಗಿಲಿಂದ ಬಡದ್ರ ತಾನೇ ಕೆಳಗ ಬೀಳ್ತದ. ಹೆಂಗಸ್ರು ಆರಿಸಿ ಬುಟ್ಯಾಗ ತುಂಬ್ತಾರ, ಆಮ್ಯಾಲ ಕಸಬರಿಗಿ ಹಚ್ತಾರ."

"ಧೂಳು?"

"ಬಾಯಿಗಿ ಟಾವೆಲ್ ಕಟ್ಕೋತೀವ್ರಿ. ಒಡೀಲಾರದಂಗ ಉಳದ ನಾಕು ಪತ್ರಾ ನಮಗ ಕೊಡ್ರಿ. ನಮ್ಮ ಜೋಪಡಿಗಿ ಹಾಕೋತೀನಿ."

ಆಗಲಿ ಎಂದೆ. ಅವನೂ ಸಂತೋಷದಿಂದ ಹೋದ. ರಾತ್ರಿ ಊಟವಾದ ಮೇಲೆ ಆ ಎರಡು ಪುಟದ ಟೆಂಡರು ನೆನಪಾಯಿತು. ಒಂದು ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ಎರಡು ಪುಟವೇಕೆ ಎಂಬ ಕುತೂಹಲದಿಂದ ತೆರೆದು ಓದಿದೆ. ಓದಿದ ಮೇಲೆ, ಆಗಲಿ ಎಂದ ಮಾತು ಗಂಟಲಿನಲ್ಲಿ ಮುಳ್ಳಿನಂತೆ ಉಳಿಯಿತು. ಅಂದಿನಿಂದ ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಕಲ್ನಾರು ಭೂಮಿಯಿಂದ ಅಗೆದು ತೆಗೆಯುವ ಖನಿಜ. ಬಿಳಿ, ಕಂದು, ನೀಲಿ ಎಂದು ಅದರಲ್ಲಿ ಮುಖ್ಯವಾದ ಮೂರು ಬಗೆ. ನೋಡಲು ಕಲ್ಲು, ಬಿಡಿಸಿದರೆ ಹತ್ತಿಯಂತೆ ಎಳೆ ಎಳೆಯಾಗುತ್ತದೆ. ಬೆಂಕಿಗೆ ಸುಡುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ, ಎಳೆದರೆ ಸುಲಭವಾಗಿ ಹರಿಯುವುದಿಲ್ಲ. ಆಸ್ಬೆಸ್ಟಾಸ್ ಎಂಬ ಗ್ರೀಕ್ ಮಾತಿಗೆ ಆರಿಹೋಗದ್ದು ಎಂದೇ ಅರ್ಥ. 1901ರಲ್ಲಿ ಆಸ್ಟ್ರಿಯದ ಲೂಡ್ವಿಗ್ ಹಾಟ್ಶೆಕ್ ಎಂಬಾತ ಈ ನಾರನ್ನು ಸಿಮೆಂಟಿಗೆ ಬೆರೆಸಿ ತೆಳ್ಳಗಿನ ಗಟ್ಟಿ ಹಾಳೆ ಮಾಡುವ ವಿಧಾನಕ್ಕೆ ಪೇಟೆಂಟು ಪಡೆದ. ನೂರು ಪಾಲಿನಲ್ಲಿ ಸುಮಾರು ಹತ್ತು ಪಾಲು ನಾರು, ಉಳಿದದ್ದು ಬಹುಮಟ್ಟಿಗೆ ಸಿಮೆಂಟು. ನಮ್ಮ ದೇಶದಲ್ಲಿ 1934ರಲ್ಲಿ ಮಧ್ಯಪ್ರದೇಶದ ಕೈಮೋರಿನಲ್ಲಿ ಇದರ ಕಾರ್ಖಾನೆ ಆರಂಭವಾಯಿತು. ಹೆಂಚಿಗಿಂತ ಹಗುರ, ಕಬ್ಬಿಣದ ತಗಡಿನಂತೆ ತುಕ್ಕು ಹಿಡಿಯುವುದಿಲ್ಲ, ಬೆಲೆ ಕಡಿಮೆ. ಶಾಲೆ, ಗಿರಣಿ, ರೈಲು ನಿಲ್ದಾಣ, ಚಾಳು, ಬಚ್ಚಲುಮನೆ ಎಲ್ಲೆಲ್ಲೂ ಅದೇ ಬಂತು. ಹಾಳೆಯಷ್ಟೇ ಅಲ್ಲ: ಮಳೆನೀರಿನ ಕೊಳವೆ, ನೀರಿನ ತೊಟ್ಟಿ, ಹೊಗೆಗೂಡು, ಬಾಯ್ಲರಿಗೆ ಸುತ್ತುವ ಹೊದಿಕೆ, ಮೋಟಾರು ಗಾಡಿಯ ಬ್ರೇಕು, ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ದೀಪದ ಮೇಲಿಡುತ್ತಿದ್ದ ತಂತಿಯ ಜಾಲರಿ, ಎಲ್ಲದರಲ್ಲಿಯೂ ಕಲ್ನಾರು ಸೇರಿತು.

ನಾವು ಹುಡುಗರಾಗಿದ್ದಾಗ ಪತ್ರಾಸಿನ ಚೂರು ನಮ್ಮ ಆಟದ ಸಾಮಾನಾಗಿತ್ತು. ಕುಂಟೆಬಿಲ್ಲೆಗೆ ಅದಕ್ಕಿಂತ ಒಳ್ಳೆಯ ಬಿಲ್ಲೆಯಿಲ್ಲ. ಹೋಳಿ ಹುಣ್ಣಿಮೆಯಲ್ಲಿ ಕಾಮನ ಬೆಂಕಿಗೆ ಎಸೆದರೆ ಢಂ ಎಂದು ಸಿಡಿಯುತ್ತಿತ್ತು. ಪಟಾಕಿಗೆ ಕಾಸಿಲ್ಲದವರ ಪಟಾಕಿ. ಯಾವ ಹಿರಿಯರೂ ಬೇಡವೆನ್ನಲಿಲ್ಲ. ಅವರಿಗೂ ತಿಳಿದಿರಲಿಲ್ಲ.

ಆದರೆ ಬೇರೆಡೆ ತಿಳಿದಿತ್ತು. 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೆಲ್ಲಿ ಕರ್ಷಾ ಎಂಬ ಹೆಂಗಸು ತೀರಿಕೊಂಡಳು. ವಯಸ್ಸು 33. ಕಲ್ನಾರನ್ನು ನೂಲುವ ಕಾರ್ಖಾನೆಯಲ್ಲಿ ದುಡಿದವಳು. ಅವಳ ಶ್ವಾಸಕೋಶದಲ್ಲಿ ಕಲ್ಲಿನ ಎಳೆಗಳು ನಾಟಿಕೊಂಡಿದ್ದುದನ್ನು ಡಾಕ್ಟರ್ ಕುಕ್ ಎಂಬವರು ವೈದ್ಯಪತ್ರಿಕೆಯಲ್ಲಿ ಬರೆದರು. ಮುಂದೆ ಆ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರಾಯಿತು. 1930ರಲ್ಲಿ ಬ್ರಿಟಿಷ್ ಸರಕಾರದ ವರದಿ, 1931ರಲ್ಲಿ ಕಾರ್ಖಾನೆಗಳ ಧೂಳಿಗೆ ನಿಯಮಗಳು ಬಂದವು. 1955ರಲ್ಲಿ ರಿಚರ್ಡ್ ಡಾಲ್ ಎಂಬ ವೈದ್ಯರು ಕಲ್ನಾರಿನ ಕೆಲಸಗಾರರಲ್ಲಿ ಶ್ವಾಸಕೋಶದ ಕ್ಯಾನ್ಸರು ಹೆಚ್ಚೆಂದು ತೋರಿಸಿದರು. 1960ರಲ್ಲಿ ದಕ್ಷಿಣ ಆಫ್ರಿಕದ ವಾಗ್ನರ್ ಮತ್ತು ಸಂಗಡಿಗರು, ಶ್ವಾಸಕೋಶದ ಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರಿಗೂ ನೀಲಿ ಕಲ್ನಾರಿಗೂ ಇರುವ ನಂಟನ್ನು ಬಯಲಿಗೆ ತಂದರು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು 1965ರಲ್ಲಿ ಲಂಡನಿನಿಂದ ಬಂದ ಇನ್ನೊಂದು ವರದಿ. ಈ ಪೊರೆಯ ಕ್ಯಾನ್ಸರು ಬಂದವರಲ್ಲಿ ಕೆಲವರು ಕಾರ್ಖಾನೆಯ ಬಾಗಿಲನ್ನೇ ಕಂಡವರಲ್ಲ. ವಿಚಾರಿಸಿದಾಗ ಗಂಡ ಕಲ್ನಾರಿನ ಕೆಲಸಗಾರ, ಅವನ ಬಟ್ಟೆಯನ್ನು ಮನೆಯಲ್ಲಿ ಒಗೆದವಳು ಹೆಂಡತಿ ಎಂದು ತಿಳಿಯಿತು. ಆ ಬಟ್ಟೆ ಕೊಡವಿದಾಗ ಹಾರಿದ ಧೂಳು ಅವಳ ಎದೆಗಿಳಿದಿತ್ತು. ಇದನ್ನು ಓದಿದಾಗ ಬುಟ್ಟಿ ಹಿಡಿದು ಚೂರು ಆರಿಸಲಿದ್ದ ಆ ಯಾದಗಿರಿಯ ಹೆಣ್ಣುಮಗಳೂ, ಪಕ್ಕದಲ್ಲಿ ಆಡಲಿದ್ದ ಅವಳ ಕೂಸೂ ಕಣ್ಣಿಗೆ ಕಟ್ಟಿದಂತಾಯಿತು.

ಇದರ ಕೇಡು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಲ್ನಾರಿನ ಅತಿ ಸಣ್ಣ ಎಳೆ ತಲೆಗೂದಲಿಗಿಂತ ನೂರಾರು ಪಟ್ಟು ತೆಳು. ಕಣ್ಣಿಗೆ ಕಾಣದು, ವಾಸನೆಯಿಲ್ಲ, ಗಂಟಲು ಕೆರೆಯದು. ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಉಸಿರಿನೊಡನೆ ಒಳಗೆ ಹೋದದ್ದರಲ್ಲಿ ಒಂದಷ್ಟು ಹೊರಬರದೆ ಅಲ್ಲಿಯೇ ಉಳಿಯುತ್ತದೆ. ಬೆಂಕಿಗೂ ಬಗ್ಗದ ವಸ್ತುವನ್ನು ನಮ್ಮ ಶರೀರ ಕರಗಿಸುವುದೆಂತು? ಅದರ ಸುತ್ತ ಶ್ವಾಸಕೋಶ ಮೆಲ್ಲನೆ ಗಟ್ಟಿಯಾಗುತ್ತದೆ, ಇಲ್ಲವೆ ಕ್ಯಾನ್ಸರಿಗೆ ಎಡೆಯಾಗುತ್ತದೆ. ಬೀಡಿ ಸಿಗರೇಟು ಸೇದುವವನಿಗಂತೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅನೇಕ ಪಟ್ಟು ಏರುತ್ತದೆ. ರೋಗ ತಲೆಯೆತ್ತುವುದು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಕಂತ್ರಾಟುದಾರನೂ ಇರುವುದಿಲ್ಲ, ಟೆಂಡರಿನ ಕಾಗದವೂ ಇರುವುದಿಲ್ಲ. ಇಪ್ಪತ್ತೈದರಲ್ಲಿ ಕುಡಿದ ಧೂಳಿಗೆ ಐವತ್ತೈದರಲ್ಲಿ ಊರಿನ ಕಟ್ಟೆಯ ಮೇಲೆ ಏದುಸಿರು ಬಿಡುವವನು, ಯಾವ ಊರಿನ ಯಾವ ಛಾವಣಿ ತನ್ನ ಎದೆಯಲ್ಲಿ ಕುಳಿತಿದೆಯೆಂದು ಹೇಳಬಲ್ಲನೆ?

ಹಾಗೆಂದು ಇಂಥ ಛಾವಣಿಯ ಕೆಳಗೆ ವಾಸಿಸುವವರು ಇಂದೇ ಹೆದರಿ ಮನೆ ಬಿಡಬೇಕಾಗಿಲ್ಲ. ಸಿಮೆಂಟಿನ ಹಾಳೆಯಲ್ಲಿ ನಾರು ಬಿಗಿಯಾಗಿ ಬಂದಿಯಾಗಿರುತ್ತದೆ. ಹಾಳೆ ಗಟ್ಟಿಯಾಗಿದ್ದು, ಯಾರೂ ಅದನ್ನು ಕೆಣಕದಿದ್ದರೆ ಹೊರಬೀಳುವ ನಾರು ಅತ್ಯಲ್ಪ. ಒಡೆದಾಗ, ಗರಗಸ ಹಾಕಿದಾಗ, ತೂತು ಕೊರೆದಾಗ, ತಂತಿಯ ಬ್ರಷ್ಷಿನಿಂದ ಪಾಚಿ ಉಜ್ಜಿದಾಗ ಮಾತ್ರ ಆ ಬಂದಿ ಬಿಡುಗಡೆಯಾಗುತ್ತದೆ. ಬಾಯ್ಲರಿನ ಹೊದಿಕೆಯಂಥ ಮೆತ್ತನೆಯ, ಕೈಯಲ್ಲಿ ಪುಡಿಯಾಗುವ ವಸ್ತುವಾದರೆ ಮುಟ್ಟಿದರೇ ಸಾಕು. ಆದ್ದರಿಂದ ಹಳೆಯ ಛಾವಣಿಯ ಆಯುಷ್ಯದಲ್ಲಿ ಅತಿ ಅಪಾಯದ ದಿನವೆಂದರೆ ಅದು ತಲೆಯ ಮೇಲಿರುವ ದಿನವಲ್ಲ, ಅದನ್ನು ಇಳಿಸುವ ದಿನ. ನಾವು ಟೆಂಡರಿನಲ್ಲಿ ಒಂದೇ ಸಾಲು ಕೊಡುವುದು ಆ ದಿನಕ್ಕೇ!

ಸಮಿತಿಯ ಸಭೆಯಲ್ಲಿ ಈ ಮಾತೆತ್ತಿದಾಗ ಹಿರಿಯ ಸದಸ್ಯರೊಬ್ಬರು, "ಏನಪ್ಪಾ, ಐವತ್ತು ವರ್ಷ ಇದರ ಕೆಳಗೇ ಕೂತಿದ್ದೇವೆ. ನಮಗೇನಾಗಿದೆ?" ಎಂದರು. ಅವರ ಪ್ರಶ್ನೆಯಲ್ಲಿಯೇ ಉತ್ತರವಿತ್ತು. "ರಾಯರೇ, ತಾವು ಕೆಳಗೆ ಕೂತಿರಿ, ಅದು ಮೇಲೆ ಕೂತಿತ್ತು. ಈಗ ಅದನ್ನು ಒಡೆಯುವವನ ಮಾತು ಬಂದಿದೆ" ಎಂದೆ. ಖಜಾಂಚಿಗಳು, "ಇದಕ್ಕೆಲ್ಲ ಕಾನೂನು ಉಂಟೇನು? ಮಾರುಕಟ್ಟೆಯಲ್ಲಿ ಹೊಸದೇ ಮಾರುತ್ತಿದ್ದಾರಲ್ಲ!" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

ಬ್ರಿಟನ್ನು 1999ರಲ್ಲಿ, ಆಸ್ಟ್ರೇಲಿಯ 2003ರ ಕೊನೆಗೆ, ಕೆನಡ 2018ರಲ್ಲಿ ಕಲ್ನಾರಿನ ಬಳಕೆಗೆ ತಡೆ ಹಾಕಿದವು. ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಇಂದು ನಿಷೇಧವಿದೆ. ನಮ್ಮಲ್ಲಿ 1986ರಿಂದ ಹೊಸ ಗಣಿಗಳಿಗೆ ಗುತ್ತಿಗೆ ಕೊಡುವುದು ನಿಂತಿತು. ಆದರೆ ಹೊರದೇಶದಿಂದ ತರಿಸಿದ ಬಿಳಿ ಕಲ್ನಾರಿನಿಂದ ಹಾಳೆ ಮಾಡುವುದು ನಿಂತಿಲ್ಲ. 1995ರ ಜನವರಿ 27ರಂದು ಸುಪ್ರೀಮ್ ಕೋರ್ಟು ಕೊಟ್ಟ ತೀರ್ಪು, ಕೆಲಸಗಾರನ ಆರೋಗ್ಯ ಆತನ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಕಲ್ನಾರಿನ ಕಾರ್ಖಾನೆಗಳು ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ನಲವತ್ತು ವರ್ಷ ಕಾಪಾಡಬೇಕೆಂದು ವಿಧಿಸಿತು. ದಾಖಲೆಯ ನಲವತ್ತು ವರ್ಷ ಏಕೆಂಬುದು ಈಗ ವಾಚಕರಿಗೆ ಹೊಳೆದಿರಬೇಕು. ಕ್ಲೆಮಾನ್ಸೋ ಎಂಬ ಫ್ರಾನ್ಸಿನ ಹಳೆಯ ಯುದ್ಧನೌಕೆ ಒಡೆಯಲು ಗುಜರಾತಿನ ಅಲಂಗಿಗೆ ಹೊರಟಿದ್ದಾಗ, ಅದರೊಳಗಿನ ಕಲ್ನಾರಿನ ಕಾರಣದಿಂದಲೇ ಗದ್ದಲವೆದ್ದು, 2006ರಲ್ಲಿ ಅದು ತನ್ನ ದೇಶಕ್ಕೆ ಹಿಂದಿರುಗಬೇಕಾಯಿತು. ಹಡಗಿಗೆ ಅಷ್ಟು ಲಕ್ಷ್ಯ ದೊರೆಯಿತು. ಚಾಳಿನ ಛಾವಣಿ ಬಿಚ್ಚುವವನನ್ನು ನಿನಗೆ ಈ ಕೆಲಸದ ತರಬೇತಿ ಉಂಟೆ ಎಂದು ಕೇಳುವ ರೂಢಿ ಮಾತ್ರ ನಮ್ಮಲ್ಲಿ ಬೆಳೆದಿಲ್ಲ. ಆಸ್ಟ್ರೇಲಿಯದಲ್ಲಿ ಹತ್ತು ಚದರ ಮೀಟರಿಗಿಂತ ಹೆಚ್ಚು ಹಾಳೆ ತೆಗೆಯಬೇಕಾದರೂ ಪರವಾನಗಿ ಪಡೆದವನೇ ಬರಬೇಕು.

ಮೂರನೆಯ ಟೆಂಡರಿನ ಎಂಜಿನಿಯರು ಕಾರ್ಖಾನೆಗಳ ಹಳೆಯ ಛಾವಣಿ ಬಿಚ್ಚುವುದರಲ್ಲಿ ಪಳಗಿದವರು. ಅವರನ್ನು ಕರೆಸಿ ಆ ಎರಡು ಪುಟದ ಅರ್ಥ ಕೇಳಿದೆವು. ಅವರು ಹೇಳಿದ ಕ್ರಮ ಹೀಗೆ.

ಮೊದಲು ಪರೀಕ್ಷೆ. ಹಾಳೆಯಲ್ಲಿ ಕಲ್ನಾರು ಉಂಟೋ ಇಲ್ಲವೋ ಕಣ್ಣಿನಿಂದ ಹೇಳಲಾಗದು. ಪ್ರಯೋಗಶಾಲೆಯ ಸೂಕ್ಷ್ಮದರ್ಶಕವೇ ಬೇಕು. ಪರೀಕ್ಷೆ ಮಾಡಿಸದಿದ್ದರೆ ಹಳೆಯದೆಲ್ಲದರಲ್ಲಿಯೂ ಉಂಟೆಂದೇ ತಿಳಿಯಬೇಕು. ಅನಂತರ ಆ ಜಾಗಕ್ಕೆ ಬೇರೆ ಯಾರೂ ಬಾರದಂತೆ ಕಟ್ಟು ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸುತ್ತಾರೆ. ಕೆಲಸಗಾರರಿಗೆ ಮೈ ತುಂಬ ಮುಚ್ಚುವ, ಒಮ್ಮೆ ತೊಟ್ಟು ಬಿಸಾಡುವ ಉಡುಪು. ಸೂಕ್ಷ್ಮ ಧೂಳನ್ನು ತಡೆಯುವ, ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡ. ಟಾವೆಲ್ಲಿನ ನೇಯ್ಗೆಯಲ್ಲಿ ಕಲ್ನಾರು ನುಸುಳುವುದು ದಿಡ್ಡಿ ಬಾಗಿಲಲ್ಲಿ ಇರುವೆ ನುಸುಳಿದಂತೆ. ಹಳೆಯ ಹಾಳೆಯ ಮೇಲೆ ಕಾಲಿಟ್ಟರೆ ಮುರಿದು ಕೆಳಗೆ ಬೀಳುವ ಭಯ ಬೇರೆ. ಆದ್ದರಿಂದ ಹಲಗೆ ಹಾಸಿ, ಸೊಂಟಕ್ಕೆ ಪಟ್ಟಿ ಕಟ್ಟಿ ಕೆಲಸ ಮಾಡುತ್ತಾರೆ.

ಹಾಳೆಗೆ ಸೋಪು ಬೆರೆತ ನೀರನ್ನು ಮೆಲ್ಲನೆ ಸಿಂಪಡಿಸಿ ನೆನೆಸುತ್ತಾರೆ. ಒದ್ದೆಯಾದ ನಾರು ಹಾರುವುದಿಲ್ಲ. ಸುತ್ತಿಗೆಯ ಏಟಿಲ್ಲ, ಯಂತ್ರದ ಗರಗಸವಿಲ್ಲ. ಬೋಲ್ಟು ಬಿಚ್ಚಿ, ಇಡೀ ಹಾಳೆಯನ್ನು ಮುರಿಯದೆ ಕೈಯಿಂದ ಕೈಗೆ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಅಂಟುಪಟ್ಟಿ ಹಾಕಿ, ಒಳಗಿರುವುದು ಇಂಥದೆಂದು ಬರೆದಂಟಿಸುತ್ತಾರೆ. ಒಣ ಪೊರಕೆಗೆ ಅಲ್ಲಿ ಪ್ರವೇಶವಿಲ್ಲ. ಒದ್ದೆ ಬಟ್ಟೆಯಿಂದ ಒರೆಸುವುದು, ಅತಿ ಸೂಕ್ಷ್ಮವಾದ ಜರಡಿಯುಳ್ಳ ಹೀರುಯಂತ್ರದಿಂದ ಹೀರುವುದು. ಒರೆಸಿದ ಬಟ್ಟೆಯೂ ತೊಟ್ಟ ಉಡುಪೂ ಅದೇ ಚೀಲಕ್ಕೆ. ಕೆಲಸಗಾರ ಅಲ್ಲಿಯೇ ಸ್ನಾನ ಮಾಡಿ ತನ್ನ ಬಟ್ಟೆ ತೊಟ್ಟು ಮನೆಗೆ ಹೋಗುತ್ತಾನೆ.

ಕಟ್ಟುಗಳು ಊರಾಚೆಯ ಗುಂಡಿಗೆ ಹೋಗುವಂತಿಲ್ಲ. ಅಪಾಯಕಾರಿ ಕಸವನ್ನು ಹೂಳಲೆಂದೇ ತಳದಲ್ಲಿ ಪದರ ಹಾಸಿ ಮಾಡಿದ ಜಾಗಗಳುಂಟು: ಮುಂಬಯಿಯವರಿಗೆ ತಳೋಜೆ, ಪುಣೆಯವರಿಗೆ ರಾಂಜಣಗಾಂವ್, ನಮ್ಮ ನಾಡಿನಲ್ಲಿ ಬೆಂಗಳೂರಿನ ಬಳಿಯ ದಾಬಸ್‌ಪೇಟೆ. ಅಲ್ಲಿಗೆ ಮುಟ್ಟಿತೆಂಬ ರಸೀದಿಯನ್ನು ಕೇಳಿ ಪಡೆಯಬೇಕು. ರಸೀದಿಯಿಲ್ಲದ ಕೆಲಸ ಮುಗಿದ ಕೆಲಸವಲ್ಲವೆಂಬುದನ್ನು ಗುಮಾಸ್ತನಾದ ನಾನು ಬೇರೆ ಹೇಳಬೇಕಾಗಿಲ್ಲ.

ಖಜಾಂಚಿಗಳು ಲೆಕ್ಕದ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ, "ವಾರ್ಷಿಕೋತ್ಸವದ ಊಟವನ್ನು ಈ ಸಲ ಉಪ್ಪಿಟ್ಟು ಕಾಫಿಗೆ ಇಳಿಸೋಣ" ಎಂದರು. ಆ ವರ್ಷ ಉಪ್ಪಿಟ್ಟು ತಿಂದು ಗೊಣಗಿದ ಸದಸ್ಯರಿಗೆ ಕಾರಣ ಇಲ್ಲಿದೆ. ಡಿಸೆಂಬರಿನ ರಜೆಯಲ್ಲಿ ಛಾವಣಿ ಇಳಿಯಿತು. ಹೊಸದಾಗಿ ಹಾಕಿದ್ದು ಬಣ್ಣದ ಕಬ್ಬಿಣದ ತಗಡು.

ಈಗ ನಮ್ಮ ಮನೆಗಳ ಮಾತು. ಊರಿನ ಹಿತ್ತಲಲ್ಲಿ, ಇಲ್ಲಿಯ ಚಾಳಿನ ಮೇಲೆ ಇಂಥ ಹಾಳೆ ಗಟ್ಟಿಯಾಗಿದ್ದರೆ ಅದನ್ನು ಅದರ ಪಾಡಿಗೆ ಬಿಡಿ. ಮೊಳೆ ಹೊಡೆಯಬೇಡಿ, ತೂತು ಕೊರೆಯಬೇಡಿ, ಉಜ್ಜಬೇಡಿ. ಸಣ್ಣ ಬಿರುಕಿದ್ದರೆ ನೀರು ಚಿಮುಕಿಸಿ, ಉಜ್ಜದೆ, ಮೇಲೆ ಬಣ್ಣವನ್ನೋ ಲೇಪವನ್ನೋ ಬಳಿಯುವುದುಂಟು. ಮಂಗನೋ ತೆಂಗಿನಕಾಯಿಯೋ ಬಿದ್ದು ಒಂದು ತುಂಡು ಒಡೆದರೆ ಮಕ್ಕಳನ್ನು ದೂರವಿಟ್ಟು, ತುಂಡುಗಳನ್ನು ನೆನೆಸಿ, ಕೈಗವಸು ಮತ್ತು ಒಳ್ಳೆಯ ಮುಖವಾಡ ಹಾಕಿಕೊಂಡು ಎರಡು ಚೀಲದಲ್ಲಿ ಕಟ್ಟಿ, ನಗರಸಭೆಯವರಿಗೆ ಇಂಥದೆಂದು ಹೇಳಿಯೇ ಒಪ್ಪಿಸಿ. ಒಡೆದ ಚೂರನ್ನು ಅಂಗಳದ ಹಳ್ಳ ತುಂಬಲು ಬಳಸಬೇಡಿ. ಹೆಚ್ಚಿನ ಕೆಲಸವಿದ್ದರೆ ಬಲ್ಲವರನ್ನೇ ಕರೆಯಿರಿ. ಚಾಳು ಕೆಡವಿ ಹೊಸ ಕಟ್ಟಡ ಏಳಿಸುವ ಯೋಜನೆಗಳು ಎಲ್ಲ ಕಡೆ ನಡೆದಿವೆ. ಸೊಸೈಟಿಯ ಸಭೆಯಲ್ಲಿ ನಮಗೆ ಎಷ್ಟು ಚದರ ಅಡಿ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಹಳೆಯ ಪತ್ರಾ ತೆಗೆಯುವವರಾರು, ಅದು ಹೋಗುವುದೆಲ್ಲಿಗೆ ಎಂಬ ಪ್ರಶ್ನೆಯನ್ನು ಒಬ್ಬರಾದರೂ ಕೇಳಬೇಕು. ಆ ಒಬ್ಬರು ನೀವಾಗಿರಿ.

ಹೊಸ ತಗಡು ಹಾಕುವ ಕೆಲಸಕ್ಕೆ ಬಂದವರಲ್ಲಿ ಯಾದಗಿರಿಯ ಹುಡುಗನೂ ಇದ್ದ. "ನಾಕು ಪತ್ರಾ ಕೊಡ್ತೀನಂದಿದ್ರಿ?" ಎಂದು ಕೇಳಿಯೇ ಬಿಟ್ಟ. ಅದನ್ನು ಬಟ್ಟೆ ಸುತ್ತಿದಂತೆ ಸುತ್ತಿ ತಳೋಜೆಗೆ ಒಯ್ದು ಹೂಳಿದರೆಂದು ಹೇಳಿ, ಕಾರಣವನ್ನೂ ತಿಳಿಸಿದೆ. ಅವನು ನಕ್ಕ. "ಕಲ್ಲಿಗೂ ಮಣ್ಣು ಮಾಡ್ಸಿದ್ರೇನ್ರಿ ಸಾಹೇಬ್ರ!" ಎಂದ. ಅನಂತರ ನಗು ಇಳಿಸಿ, "ಹ್ವಾದ ವಾರ ಬ್ಯಾರೆ ಕಡಿ ಒಂದು ಗೋಡೌನ್ ಒಡದ್ವಿ. ಇಂಥಾವೇ ಪತ್ರಾ. ನನ್ನ ಹೇಣ್ತಿನೂ ಬಂದಿದ್ಳು" ಎಂದ.

ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ಸಂಘ ಹಣ ಕೊಟ್ಟು ಅವನನ್ನು ಕಾಪಾಡಿದ್ದು ಒಂದು ದಿನದ ಮಟ್ಟಿಗೆ. ಅವನ ಉಳಿದ ದಿನಗಳು ಅವನನ್ನು ಕೆಲಸಕ್ಕೆ ಕರೆಯುವ ನಮ್ಮ ನಿಮ್ಮಂಥ ಸಂಸಾರಗಳ ಕೈಯಲ್ಲಿವೆ. ಈ ಸಂಚಿಕೆಯನ್ನು ಓದಿದವರಲ್ಲಿ ನಾಲ್ಕು ಮಂದಿ ತಮ್ಮ ಛಾವಣಿ ಇಳಿಸುವ ದಿನ ಆ ಎರಡು ಪುಟದ ಕೆಲಸವನ್ನೇ ಆರಿಸಿಕೊಂಡರೆ, ಅವನಂಥವರಿಗೆ ಇನ್ನೂ ನಾಲ್ಕು ದಿನಗಳು ದೊರೆತಂತೆ.